ಮೂಗಿನ ಕೆಳಗೊಂದು ಹಲ್ಲು, ಅದರ ಸುತ್ತ ನೀರಿನ ಚೀಲ: ಆಪರೇಷನ್ನಿಗೆ ಹೋಗುವವರಿಗೆ ಒಂದಿಷ್ಟು ದಾರಿ

ಎಲ್ಲರ ಬಾಯಲ್ಲಿ 32 ಹಲ್ಲಾದರೆ ನನ್ನ ಬಾಯಲ್ಲಿ 33. ಆ ಹೆಚ್ಚಿನದು ಮೇಲಿನ ಎರಡು ಮುಂಬಲ್ಲುಗಳ ಹಿಂದೆ, ಮೂಳೆಯ ಒಳಗೆ, ತಲೆಕೆಳಗಾಗಿ ಕೂತಿತ್ತು. 36 ವರ್ಷ ಅದರ ಸುದ್ದಿಯೇ ನನಗೆ ಗೊತ್ತಿರಲಿಲ್ಲ. ನಾನು ಮಾಟುಂಗದ ಒಂದು ಹೋಟೆಲಿನಲ್ಲಿ ಕ್ಯಾಶಿಗೆ ಕೂರುವವನು. ಊರು ಬೈಂದೂರು ಕಡೆ, ಮನೆ ಡೊಂಬಿವಲಿ. ಬೆಳಿಗ್ಗೆ 6 ಗಂಟೆಯಿಂದ ಗಿರಾಕಿಗಳ ಜೊತೆ ಬಾಯಿ ಆಡಿಸುವುದೇ ಕೆಲಸ. ಹಾಗಾಗಿ ಬಾಯಿಗೆ ಏನಾದರೂ ಆದರೆ ನನಗೆ ಕೈಗೆ ಆದಷ್ಟೇ ಕಷ್ಟ.

ಮೊದಲು ಗೊತ್ತಾಗಿದ್ದು ಶೇವ್ ಮಾಡುವಾಗ. ಮೂಗಿನ ಬಲ ಹೊಳ್ಳೆಯ ಕೆಳಗೆ ರೇಜರು ಸಣ್ಣ ದಿಣ್ಣೆ ಹತ್ತಿ ಇಳಿದ ಹಾಗಾಯಿತು. ನೋವು ಇಲ್ಲವೇ ಇಲ್ಲ. ಮೀಸೆ ಬಿಟ್ಟಿದ್ದರೆ ಇನ್ನೂ ಆರು ತಿಂಗಳು ತಿಳಿಯುತ್ತಿರಲಿಲ್ಲವೇನೋ. ತುಟಿ ಎತ್ತಿ ಒಸಡಿನ ಮೇಲೆ ಬೆರಳಿಟ್ಟು ಒತ್ತಿದರೆ ತೆಳು ಹಪ್ಪಳದ ಹಾಗೆ ಚುರ್ ಅಂದು ಒಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ಅಲ್ಲಿನ ಮೂಳೆ ಅಷ್ಟು ತೆಳ್ಳಗಾಗಿತ್ತು ಅಂತ ಆಮೇಲೆ ತಿಳಿಯಿತು. ನಾನು ಕೌಂಟರಿನಲ್ಲಿ ಕೂತು ದಿನಕ್ಕೆ ಹತ್ತು ಸಲ ಒತ್ತಿ ನೋಡುತ್ತಿದ್ದೆ. ನೀವು ಹಾಗೆ ಮಾಡಬೇಡಿ.

ಇಂಥ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಸುಮಾರು ಜನಕ್ಕೆ ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗಲೇ ಗೊತ್ತಾಗುವುದು. ಆದರೂ ಕೆಲವು ಸುಳಿವು ಇರುತ್ತವೆ. ಇಷ್ಟು ದಿನ ನೆಟ್ಟಗಿದ್ದ ಮುಂಬಲ್ಲು ಈಗ ಓರೆಯಾಗುತ್ತಿದೆ. ಎರಡು ಹಲ್ಲಿನ ನಡುವೆ ಸಂದು ಅಗಲವಾಗುತ್ತಿದೆ. ಬಾಯಲ್ಲಿ ಆಗಾಗ ಉಪ್ಪುಪ್ಪು ನೀರು ಬಂದ ಹಾಗೆ ಅನಿಸುತ್ತದೆ. ಇದರಲ್ಲಿ ಯಾವುದಿದ್ದರೂ ಒಂದು ಎಕ್ಸ್‌ರೇ ಆಗಲಿ. ನೋವು, ಜ್ವರ, ಕೀವು ಬಂತು ಅಂದರೆ ಒಳಗೆ ಸೋಂಕು ಹತ್ತಿದೆ ಅಂತ ಅರ್ಥ. ಆಗ ನಾಳೆ ಅನ್ನಬೇಡಿ.

ಒಳಗೆ ಇರುವುದೇನು

ನನಗೆ ಇದನ್ನು ಬಿಡಿಸಿ ಹೇಳಿದವಳು ದಂತ ಕಾಲೇಜಿನ ಸರ್ಜರಿ ವಿಭಾಗದ ಪಿ.ಜಿ. ಹುಡುಗಿ, ಬೆಳಗಾವಿ ಕಡೆಯವಳು. ನನ್ನ ಕೇಸ್ ಪೇಪರಿನಲ್ಲಿ ಹೆಸರು ನೋಡಿ, ಹಿಂದಿ ಬಿಟ್ಟು ಕನ್ನಡಕ್ಕೆ ಬಂದಳು. ಗ್ಲವ್ಸಿನ ಒಂದು ಬೆರಳನ್ನು ಕತ್ತರಿಸಿಕೊಂಡಳು. ತನ್ನ ಪೆನ್ನಿನ ತುದಿಯನ್ನು ಅದರೊಳಗೆ ತೂರಿಸಿ, ಬಾಯನ್ನು ಪೆನ್ನಿಗೆ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಸಿರಿಂಜಿನಿಂದ ಒಳಗೆ ಸ್ವಲ್ಪ ನೀರು ಬಿಟ್ಟಳು. ಪೆನ್ನಿನ ತುದಿಯ ಸುತ್ತ ರಬ್ಬರು ಬಲೂನಿನ ಹಾಗೆ ಉಬ್ಬಿತು. "ಪೆನ್ನಿನ ತುದಿ ನಿಮ್ಮ ಹಲ್ಲಿನ ತಲಿ ರೀ ಅಣ್ಣಾ. ರಬ್ಬರ್ ಅದರ ಮುಸುಕು. ನಡುವ ನೀರು ತುಂಬೇತಿ. ಚೀಲ ಅಂಟಿರೂದು ಹಲ್ಲಿನ ಕುತ್ತಿಗಿಗೆ" ಅಂದಳು. ಅಷ್ಟೇ ವಿಷಯ.

ಹುಟ್ಟುವ ಪ್ರತಿ ಹಲ್ಲಿಗೂ ಮೂಳೆಯೊಳಗೆ ಹಾಗೊಂದು ಮುಸುಕು ಇರುತ್ತದೆ. ಹಲ್ಲು ಹೊರಗೆ ಬಂದಾಗ ಅದು ಹೋಗುತ್ತದೆ. ಹೊರಗೆ ಬರಲಾರದೆ ಒಳಗೇ ಉಳಿದ ಹಲ್ಲಿನ ಮುಸುಕಿನಲ್ಲಿ ಒಮ್ಮೊಮ್ಮೆ ನೀರು ಸೇರುತ್ತದೆ. ನೀರು ಸೇರಿದಷ್ಟೂ ಸುತ್ತಲಿನ ಮೂಳೆ ಕರಗಿ ಜಾಗ ಬಿಡುತ್ತದೆ. ಎಕ್ಸ್‌ರೇಯಲ್ಲಿ ಹಲ್ಲಿನ ತಲೆಯ ಸುತ್ತ 2-3 ಮಿಲಿಮೀಟರ್ ಕಪ್ಪು ಅಂಚು ಇದ್ದರೆ ಅದು ಸಹಜ. 5 ದಾಟಿದರೆ ಡಾಕ್ಟರ್ ಹುಬ್ಬು ಏರಿಸುತ್ತಾರೆ. ನನ್ನದು ಅಗಲ 22, ಎತ್ತರ 18. ಇದಕ್ಕೆ ಡೆಂಟಿಜೆರಸ್ ಸಿಸ್ಟ್ ಅಂತ ಹೆಸರು. ಜಾಸ್ತಿ ಕಾಣುವುದು ಕೆಳದವಡೆಯ ಬುದ್ಧಿಹಲ್ಲಿಗೆ, ಆಮೇಲೆ ಮೇಲಿನ ಕೋರೆಹಲ್ಲಿಗೆ. ಎಕ್ಸ್‌ಟ್ರಾ ಹಲ್ಲಿಗೆ ಆಗುವುದು ಕಡಿಮೆ, ನೂರಕ್ಕೆ ಐದಾರು ಅಷ್ಟೇ. ಆದರೆ ಆದಾಗ ಬಹುಪಾಲು ಆಗುವುದು ನನಗೆ ಆದ ಜಾಗದಲ್ಲೇ, ಎರಡು ಮುಂಬಲ್ಲಿನ ನಡುವೆ ಇಲ್ಲ ಹಿಂದೆ. ಅಲ್ಲಿ ಹುಟ್ಟುವ ಎಕ್ಸ್‌ಟ್ರಾ ಹಲ್ಲಿಗೆ ಮೀಸಿಯೋಡೆನ್ಸ್ ಅನ್ನುತ್ತಾರೆ. ಹೆಂಗಸರಿಗಿಂತ ಗಂಡಸರಲ್ಲಿ ಇದು ಸುಮಾರು ಎರಡು ಪಟ್ಟು.

ಊರಿಂದ ಅಮ್ಮ ಫೋನಿನಲ್ಲಿ, "ಹೆಚ್ಚಿನ ಹಲ್ಲು ಅಂದ್ರೆ ಅದೃಷ್ಟ ಅಲ್ದಾ ಮಗಾ, ಕೊಯ್ಸೂದ್ ಎಂತಕ್ಕೆ?" ಅಂದರು. ಅದೃಷ್ಟ ಹೊರಗೆ ಕಾಣಿಸುವ ಹಲ್ಲಿಗೆ ಇರಬಹುದಮ್ಮ, ಇದು ಮೂಗಿನ ಕಡೆ ಹೊರಟಿದೆ ಅಂದೆ.

ನಾನು ಮಾಡಿದ ತಪ್ಪು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಬರಹ ಬರೆಯಲು ಕಾರಣವೇ ಇದು.

ಊತ ಕಂಡ ಕೂಡಲೇ ನಾನು ಹೋಗಿದ್ದು ಹತ್ತಿರದ ಒಂದು ಕ್ಲಿನಿಕ್ಕಿಗೆ. ಸಂಜೆ ಹೊತ್ತು, ಹೊರಗೆ ಜನ ಕಾಯುತ್ತಿದ್ದರು. ಒಂದು ಸಣ್ಣ ಎಕ್ಸ್‌ರೇ ತೆಗೆದರು, ಒಂದೇ ಹಲ್ಲಿನ ಬೇರು ಕಾಣುವಷ್ಟು. ಬೇರಿನ ತುದಿಯಲ್ಲಿ ಕಪ್ಪು ಕಂಡಿತು. "ಬೇರಿಗೆ ಸೋಂಕು, ಆರ್‌ಸಿಟಿ (ರೂಟ್ ಕೆನಾಲ್) ಮಾಡಿದರೆ ಇಳಿಯುತ್ತದೆ" ಅಂದರು. ಮೂರು ಸಿಟ್ಟಿಂಗಿನಲ್ಲಿ ಬಲಗಡೆಯ ಮುಂಬಲ್ಲಿನ ನರ ತೆಗೆದು, ಬೇರಿನ ಕಾಲುವೆ ತುಂಬಿ, ಮೇಲೆ ಕ್ಯಾಪ್ ಕೂರಿಸಿದರು. ಆ ಹಲ್ಲಿಗೆ ಹುಳುಕು ಇರಲಿಲ್ಲ, ಪೆಟ್ಟು ಬಿದ್ದಿರಲಿಲ್ಲ, ಒಂದು ದಿನವೂ ನೋಯಿಸಿರಲಿಲ್ಲ. ಮೊದಲ ದಿನ ಡ್ರಿಲ್ ಒಳಗೆ ಹೋದಾಗ ಇಂಜೆಕ್ಷನ್ ಪೂರ್ತಿ ಹಿಡಿದಿರಲಿಲ್ಲ, ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಈಗ ಯೋಚಿಸಿದರೆ ಅದೇ ಸಾಕ್ಷಿ ಅಲ್ವಾ? ಸತ್ತ ಹಲ್ಲು ಹಾಗೆ ನೋಯುತ್ತದಾ? ನಾಲ್ಕು ತಿಂಗಳು ಕಳೆದರೂ ರೇಜರು ಹತ್ತುವ ದಿಣ್ಣೆ ಹಾಗೇ ಇತ್ತು, ಸ್ವಲ್ಪ ಬೆಳೆದಿತ್ತು ಕೂಡ.

ಬೇರಿನ ತುದಿಯಲ್ಲಿ ಕಪ್ಪು ಕಂಡ ಮಾತ್ರಕ್ಕೆ ಆ ಹಲ್ಲೇ ಕಳ್ಳ ಅಂತಲ್ಲ. ಹಲ್ಲು ಸತ್ತು ಬೇರಿನ ತುದಿಯಲ್ಲಿ ಆಗುವ ಸಿಸ್ಟ್ ಬೇರೆ. ದವಡೆಯಲ್ಲಿ ಅದೇ ಎಲ್ಲಕ್ಕಿಂತ ಜಾಸ್ತಿ, ಹಾಗಾಗಿ ಡಾಕ್ಟರ್ ಮನಸ್ಸು ಮೊದಲು ಅಲ್ಲಿಗೆ ಹೋಗುತ್ತದೆ. ಎಕ್ಸ್‌ಟ್ರಾ ಹಲ್ಲಿನ ಸಿಸ್ಟು ಪಕ್ಕದ ಬೇರಿನ ಮೇಲೆ ಬಂದು ಕೂತಿರುತ್ತದೆ, ಆ ಹಲ್ಲು ಸಾಮಾನ್ಯವಾಗಿ ಜೀವಂತವೇ ಇರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ದುಬಾರಿ ಯಂತ್ರ ಬೇಕಿಲ್ಲ. ಹತ್ತಿಯ ಉಂಡೆಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಹಿಡಿಯುತ್ತಾರೆ. ಜುಂ ಅಂತ ಬಂದು, ತೆಗೆದ ಕೂಡಲೇ ಹೋದರೆ ಹಲ್ಲು ಬದುಕಿದೆ. ಇನ್ನೊಂದು ಸಣ್ಣ ಕರೆಂಟಿನ ಟೆಸ್ಟು, ಪೆನ್ನಿನಂಥ ಯಂತ್ರ ಮುಟ್ಟಿಸುತ್ತಾರೆ. ಅನುಮಾನದ ಹಲ್ಲಿನ ಜೊತೆ ಅಕ್ಕಪಕ್ಕದ್ದಕ್ಕೂ ಮಾಡಬೇಕು, ಹೋಲಿಕೆಗೆ.

ಹಾಗಾಗಿ ಕುರ್ಚಿಯಲ್ಲಿ ಕೂತಾಗ ಕೇಳಬೇಕಾದ ಮೊದಲ ಮಾತು ಇದು: "ಡಾಕ್ಟ್ರೇ, ಈ ಹಲ್ಲು ಜೀವಂತ ಇದೆಯಾ ಅಂತ ಟೆಸ್ಟ್ ಮಾಡಿದ್ದೀರಾ?" ಕೇಳಿದರೆ ಯಾರೂ ಬೈಯುವುದಿಲ್ಲ. ನಾನು ಕೇಳಲಿಲ್ಲ. ತೆಗೆದ ನರ ಮತ್ತೆ ಬರುವುದಿಲ್ಲ.

ಚಿತ್ರ ತೆಗೆಸುವುದು

ದೊಡ್ಡ ಡಾಕ್ಟರ್ ಮೊದಲು ಓಪಿಜಿ ಬರೆಯುತ್ತಾರೆ. ತಲೆಯ ಸುತ್ತ ಯಂತ್ರ ತಿರುಗಿ ಎರಡೂ ದವಡೆ ಒಂದೇ ಚಿತ್ರದಲ್ಲಿ ಬರುತ್ತದೆ. ಅದರಲ್ಲಿ ಮುಂಬಲ್ಲಿನ ಜಾಗ ಮಸುಕಾಗಿ ಬರುವುದೇ ಹೆಚ್ಚು, ಕತ್ತಿನ ಮೂಳೆಯ ನೆರಳು ಅಲ್ಲೇ ಬೀಳುತ್ತದೆ. ನನ್ನ ಓಪಿಜಿಯಲ್ಲಿ ಆ ಎಕ್ಸ್‌ಟ್ರಾ ಹಲ್ಲು ಬೆರಳಚ್ಚು ಬಿದ್ದ ಗಾಜಿನ ಹಿಂದೆ ಇದ್ದ ಹಾಗೆ ಕಾಣುತ್ತಿತ್ತು. ಆದ್ದರಿಂದ ಆಪರೇಷನ್ನಿಗೆ ಮುಂಚೆ ಸಿಬಿಸಿಟಿ ಅನ್ನುವ ದವಡೆಯ ಸ್ಕ್ಯಾನ್ ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ಅದು ಮೂರೂ ಕಡೆಯಿಂದ ತೋರಿಸುತ್ತದೆ: ಹಲ್ಲು ತುಟಿಯ ಕಡೆಗಿದೆಯಾ ಅಂಗುಳದ ಕಡೆಗಾ, ಯಾವ ಬೇರಿಗೆ ತಾಗಿದೆ, ಮೂಗಿನ ತಳಕ್ಕೆ ಎಷ್ಟು ಮೂಳೆ ಉಳಿದಿದೆ. ನನಗೆ ಮೂಗಿನ ತಳದಲ್ಲಿ ಉಳಿದಿದ್ದು ಒಂದು ಮಿಲಿಮೀಟರಿಗೂ ಕಡಿಮೆ. ಸರ್ಜನ್ ಯಾವ ಕಡೆಯಿಂದ ಕೊಯ್ಯಬೇಕು ಅನ್ನುವುದು ಇದರ ಮೇಲೇ ನಿಂತಿದೆ. ಹೊರಗಿನ ಸ್ಕ್ಯಾನ್ ಸೆಂಟರಿನಲ್ಲಿ ನನಗೆ ಎರಡು ಸಾವಿರ ಆಯಿತು. ಸಿ.ಡಿ. ಇಲ್ಲ ಲಿಂಕ್ ಕೇಳಿ ಪಡೆಯಿರಿ, ಬರೀ ಕಾಗದದ ಪ್ರಿಂಟ್ ಸಾಲದು. ಬಸುರಿಯಾಗಿದ್ದರೆ ಮುಂಚೆಯೇ ಹೇಳಿ.

ಕೆಲವರಿಗೆ ಸೂಜಿ ಚುಚ್ಚಿ ನೀರು ಎಳೆದು ನೋಡುತ್ತಾರೆ. ನನ್ನದು ತೆಳು ಹಳದಿ ಬಂತು, ಹುಲ್ಲಿನ ಬಣ್ಣ. ಬಿಳಿ ಗಟ್ಟಿ ಮೊಸರಿನಂಥದ್ದು ಬಂದರೆ ಕೆರಟೋಸಿಸ್ಟ್ ಅನ್ನುವ ಇನ್ನೊಂದು ಜಾತಿಯ ಅನುಮಾನ ಬರುತ್ತದೆ. ಅದು ತೆಗೆದ ಮೇಲೂ ಮರಳಿ ಬರುವ ಗಿರಾಕಿ. ಬರೀ ರಕ್ತ ನುಗ್ಗಿದರೆ ಸರ್ಜನ್ ಅಲ್ಲೇ ನಿಲ್ಲಿಸಿ ಮತ್ತೆ ಯೋಚಿಸುತ್ತಾರೆ.

ಎಲ್ಲಿಗೆ ಹೋಗುವುದು

ಬೋರ್ಡಿನಲ್ಲಿ ಓರಲ್ ಆಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜನ್ ಅಂತ ಇರಬೇಕು, ಅಂದರೆ ಬಾಯಿ, ದವಡೆ, ಮುಖದ ಸರ್ಜನ್. ಬಿಡಿಎಸ್ ಆದ ಮೇಲೆ ಮೂರು ವರ್ಷ ಇದನ್ನೇ ಕಲಿತವರು. ಮುಂಬೈಯಲ್ಲಿ ಎರಡು ದೊಡ್ಡ ಸರ್ಕಾರಿ ಜಾಗ ಇವೆ: ಮುಂಬೈ ಸೆಂಟ್ರಲ್ ಹತ್ತಿರ ಮಹಾನಗರಪಾಲಿಕೆಯ ನಾಯರ್ ದಂತ ಕಾಲೇಜು, 1933ರಿಂದ ಇದೆ, ಇನ್ನೊಂದು ಸಿಎಸ್‌ಎಂಟಿ ಪಕ್ಕ, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ಕಾಲೇಜು. ಪುಣೆಯವರಿಗೆ ಧನಕವಡಿಯ ಭಾರತಿ ವಿದ್ಯಾಪೀಠದಂಥ ಖಾಸಗಿ ದಂತ ಕಾಲೇಜುಗಳಿವೆ. ವಾಸ್ಕೋ, ಮಡಗಾಂವ್ ಕಡೆ ಇರುವ ನಮ್ಮವರಿಗೆ ಬಾಂಬೋಳಿಯ ಗೋವಾ ದಂತ ಕಾಲೇಜು. ಕಾಲೇಜಿನಲ್ಲಿ ಹುಡುಗರು ಕಲಿಯಲು ಕೊಯ್ಯುತ್ತಾರೆ ಅಂತ ಹೆದರಿಸುವವರು ಇದ್ದಾರೆ. ನನ್ನ ಪಕ್ಕ ಇಡೀ ಹೊತ್ತು ಪ್ರೊಫೆಸರ್ ನಿಂತಿದ್ದರು, ಕೆಲಸದ ಅರ್ಧ ಅವರೇ ಮಾಡಿದರು. ರಜೆ ಹಾಕಿಕೊಂಡು, ತಿಂಡಿ ತಿಂದುಕೊಂಡು ಬೆಳಿಗ್ಗೆ ಬೇಗ ಹೋಗಿ, ಅಷ್ಟೇ.

ಎರಡು ದಾರಿ

ಒಂದು, ಚೀಲವನ್ನು ಹಲ್ಲಿನ ಸಮೇತ ಇಡಿಯಾಗಿ ಬಿಡಿಸಿ ತೆಗೆಯುವುದು. ಎನ್ಯೂಕ್ಲಿಯೇಶನ್ ಅನ್ನುತ್ತಾರೆ. ಎಕ್ಸ್‌ಟ್ರಾ ಹಲ್ಲಿನಿಂದ ಉಪಯೋಗ ಏನೂ ಇಲ್ಲ, ಉಳಿಸಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ನಮ್ಮಂಥವರಿಗೆ ಸಾಮಾನ್ಯವಾಗಿ ಇದೇ.

ಇನ್ನೊಂದು, ಚೀಲಕ್ಕೆ ಕಿಟಕಿ ಕೊರೆದು ನೀರು ಇಳಿದು ಹೋಗುವ ಹಾಗೆ ಬಿಡುವುದು. ಕಾರ್ಲ್ ಪಾರ್ಚ್ ಅನ್ನುವ ಜರ್ಮನ್ ಸರ್ಜನ್ 1892ರಲ್ಲಿ ಈ ದಾರಿ ಬರೆದಿಟ್ಟರು. ಒತ್ತಡ ಇಳಿದರೆ ಗುಳ್ಳೆ ತಾನೇ ಕುಗ್ಗಿ, ಸುತ್ತ ಮೂಳೆ ಬೆಳೆಯುತ್ತದೆ. ಗುಳ್ಳೆ ತುಂಬಾ ದೊಡ್ಡದಿದ್ದರೆ, ಇಲ್ಲ ಮಕ್ಕಳಲ್ಲಿ ಅದರ ಹಿಂದೆ ನಿಜವಾದ ಹಲ್ಲು ಬರಲು ಕಾದಿದ್ದರೆ ಇದನ್ನು ಯೋಚಿಸುತ್ತಾರೆ. ತೊಂದರೆ ಏನೆಂದರೆ ತಿಂಗಳುಗಟ್ಟಲೆ ಆ ತೂತನ್ನು ಸಿರಿಂಜಿನಿಂದ ತೊಳೆಯುತ್ತಿರಬೇಕು, ಆಮೇಲೆ ಉಳಿದ ಚೀಲಕ್ಕೆ ಮತ್ತೊಂದು ಆಪರೇಷನ್ ಬೇಕಾಗಬಹುದು.

ಎರಡನೇ ಪ್ರಶ್ನೆ ಇಲ್ಲಿ ಕೇಳಿ: "ಇಡಿಯಾಗಿ ತೆಗೆಯುತ್ತೀರಾ, ಕಿಟಕಿ ಇಡುತ್ತೀರಾ, ಯಾಕೆ?" ಆ "ಯಾಕೆ"ಗೆ ಸಿಬಿಸಿಟಿ ಪರದೆಯ ಮೇಲೆ ಬೆರಳಿಟ್ಟು ಉತ್ತರ ಕೊಡುವವರ ಹತ್ತಿರ ಧೈರ್ಯವಾಗಿ ಮಲಗಬಹುದು.

ಹೋಗುವ ಮುಂಚೆ

ಬಿ.ಪಿ., ಸಕ್ಕರೆ, ದಮ್ಮು, ಹೃದಯದ ಕವಾಟದ ತೊಂದರೆ, ಪೆನಿಸಿಲಿನ್ ಆಗದಿರುವುದು, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧಿ, ಎಲ್ಲ ಹೇಳಿ. ಮಾತ್ರೆಯ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹೃದಯದ ಡಾಕ್ಟರೂ ಸರ್ಜನ್ನೂ ಮಾತಾಡಿಕೊಳ್ಳಲಿ. ಗುಟ್ಕಾ, ಬೀಡಿ ಬಿಡಿ. ಇಲ್ಲಿನ ಹೆಂಗಸರು ಹಲ್ಲಿಗೆ ಉಜ್ಜುವ ಮಶೇರಿಯೂ ತಂಬಾಕೇ, ಅದನ್ನು ಎಷ್ಟೋ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬರೀ ಮರಗಟ್ಟಿಸಿ ಮಾಡುವುದಾದರೆ ಹೊಟ್ಟೆ ತುಂಬ ತಿಂದು ಹೋಗಿ. ನಾನು ಎರಡು ಇಡ್ಲಿ ಜಾಸ್ತಿಯೇ ತಿಂದೆ. ಪೂರ್ತಿ ಮಂಪರು ಕೊಡುವುದಾದರೆ ಲೆಕ್ಕ ಬೇರೆ: ಸಾಮಾನ್ಯವಾಗಿ 6 ಗಂಟೆ ಮುಂಚೆ ಊಟ ನಿಲ್ಲಿಸಬೇಕು, 2 ಗಂಟೆ ಮುಂಚೆ ನೀರೂ. ಒಪ್ಪಿಗೆ ಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಓದಿಸಿ ಕೇಳಿ. ಪಕ್ಕದ ಹಲ್ಲಿಗೆ ಪೆಟ್ಟು ಬೀಳಬಹುದು, ಅಂಗುಳ ಜೋಮು ಹಿಡಿಯಬಹುದು, ಮೂಗಿಗೆ ದಾರಿ ಆಗಬಹುದು ಅಂತ ಬರೆದಿರುತ್ತದೆ. ಹೆದರಿಸಲು ಅಲ್ಲ, ನನಗೆ ಅದರಲ್ಲಿ ಒಂದು ನಿಜವಾಗಿಯೂ ಆಯಿತು.

ಆ ದಿನ

ಬಟ್ಟೆ ಹೊದಿಸಿ ಕಣ್ಣು ಮುಚ್ಚುತ್ತಾರೆ, ಹಾಗಾಗಿ ನಾನು ಹೇಳುವುದೆಲ್ಲ ಕಿವಿಯಲ್ಲಿ ಕೇಳಿದ್ದು. ಮೊದಲು ತುಟಿಯ ಒಳಗೆ ಇಂಜೆಕ್ಷನ್, ಇರುವೆ ಕಚ್ಚಿದಷ್ಟು. ಆಮೇಲೆ ಮುಂಬಲ್ಲಿನ ಹಿಂದೆ ಅಂಗುಳಕ್ಕೆ ಒಂದು. ಸುಳ್ಳು ಹೇಳುವುದಿಲ್ಲ, ಅದು ಜೋರು ನೋವು. ಕಣ್ಣಲ್ಲಿ ನೀರು ತಾನಾಗಿ ಬಂತು. ಹತ್ತು ಸೆಕೆಂಡು. ಇಡೀ ಆಪರೇಷನ್ನಿನಲ್ಲಿ ನೋವು ಅಂತ ಇದ್ದದ್ದು ಅದೊಂದೇ. ಔಷಧಿಯಲ್ಲಿ ಅಡ್ರಿನಲಿನ್ ಇರುವುದರಿಂದ ಎದೆ ಒಂದೆರಡು ನಿಮಿಷ ಡವಡವ ಅನ್ನುತ್ತದೆ, ಗಾಬರಿ ಬೇಡ. "ಅಂಜಬ್ಯಾಡ್ರಿ ಅಣ್ಣಾ, ಬ್ಯಾನಿ ಆಗಂಗಿಲ್ಲ, ಒತ್ತಿದಂಗ ಅಕ್ಕೈತಿ ಅಷ್ಟ" ಅಂದಳು ಬೆಳಗಾವಿ ಡಾಕ್ಟ್ರು.

ಒಸಡನ್ನು ಹಲ್ಲಿನ ಅಂಚಿಗೆ ಕೊಯ್ದು ಎಬ್ಬಿಸುತ್ತಾರೆ. ಅಂಗುಳದ ಕಡೆಯದನ್ನು ಎಬ್ಬಿಸುವಾಗ ಬಂದ ಸದ್ದು ನನಗೆ ಚೆನ್ನಾಗಿ ಪರಿಚಯದ್ದು. ಕಾವಲಿಯಿಂದ ದೋಸೆ ಎಬ್ಬಿಸುವಾಗ ಸಟ್ಟುಗ ಕೆರೆಯುತ್ತದಲ್ಲ, ಅದೇ. ಆಮೇಲೆ ಡ್ರಿಲ್ಲು, ಅದರ ಮೇಲೆ ಸಲೈನ್ ನೀರು, ನೀರು ಹೀರುವ ಪೈಪಿನ ಗೊರಗೊರ. ತೆಳು ಮೂಳೆ ತೆಗೆದ ಮೇಲೆ ಡ್ರಿಲ್ ನಿಂತಿತು. ಆಮೇಲಿನ ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಚಮಚದಂಥ ಕ್ಯುರೆಟ್ಟಿನ ಬೆನ್ನು ಕಡೆಯಿಂದ ಚೀಲವನ್ನು ಮೂಳೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಿದ್ದರು. ಮೂಗಿನ ಕಡೆ ಬಂದಾಗ ಪ್ರೊಫೆಸರ್ ಮರಾಠಿಯಲ್ಲಿ "ಹಳೂ, ಹಳೂ" ಅಂದಿದ್ದು ಕೇಳಿಸಿತು. ಹರಿಯದೆ ಇಡಿಯಾಗಿ ಬರಬೇಕು. ಚೂರು ಉಳಿದರೆ ಮತ್ತೆ ಬೆಳೆಯಲು ಬೀಜ ಬಿಟ್ಟ ಹಾಗೆ.

ಕೊನೆಗೆ ಹಲ್ಲು. ಆಗ ನನ್ನ ಆರ್‌ಸಿಟಿ ಆದ ಹಲ್ಲಿನ ಬೇರಿನ ತುದಿ ಬಯಲಲ್ಲಿ ನಿಂತಿತ್ತು. ಅದರ 3 ಮಿಲಿಮೀಟರ್ ಕತ್ತರಿಸಿ ಹಿಂದಿನಿಂದ ಸಿಮೆಂಟ್ ತುಂಬಿದರು. ಬೇಡದ ಆರ್‌ಸಿಟಿಗೆ ನಾನು ತೆತ್ತ ಬಡ್ಡಿ. ಕರಗುವ ದಾರದಲ್ಲಿ ಹೊಲಿಗೆ ಹಾಕಿ, ಮುಂಚೆಯೇ ಅಳತೆ ತೆಗೆದು ಮಾಡಿದ್ದ ಪ್ಲಾಸ್ಟಿಕ್ ತಟ್ಟೆಯನ್ನು ಅಂಗುಳಕ್ಕೆ ಕೂರಿಸಿದರು. ಎಬ್ಬಿಸಿದ ಅಂಗುಳದ ಕೆಳಗೆ ರಕ್ತ ಸೇರದಿರಲಿ ಅಂತ. ಎಲ್ಲ ಸೇರಿ ಒಂದು ಗಂಟೆ ಹತ್ತು ನಿಮಿಷ.

ಹಲ್ಲನ್ನು ತೋರಿಸಿ ಅಂದೆ. ಗಾಜ್ ಬಟ್ಟೆಯ ಮೇಲೆ ಇತ್ತು. ಮಲ್ಲಿಗೆ ಮೊಗ್ಗಿನಷ್ಟು, ಮೊಗ್ಗಿನ ಹಾಗೇ ಚೂಪು. ಕುತ್ತಿಗೆಗೆ ಸುಲಿದ ದ್ರಾಕ್ಷಿ ಸಿಪ್ಪೆಯಂಥ ಚೀಲ ಜೋತಿತ್ತು. ಬಾಯಿ ಮರಗಟ್ಟಿದ್ದರಿಂದ ಏನೂ ಅನ್ನಲಾಗಲಿಲ್ಲ.

ಆ ಚೀಲ ಕಸಕ್ಕೆ ಹೋಗಬಾರದು. ಮೂರನೇ ಪ್ರಶ್ನೆ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: "ತೆಗೆದದ್ದನ್ನು ಬಯಾಪ್ಸಿಗೆ ಕಳಿಸುತ್ತೀರಲ್ವಾ?" ಎಕ್ಸ್‌ರೇಯಲ್ಲಿ ಸಾಧಾರಣ ಸಿಸ್ಟ್, ಕೆರಟೋಸಿಸ್ಟ್, ಅಮಲೋಬ್ಲಾಸ್ಟೋಮಾ ಅನ್ನುವ ಗಡ್ಡೆ, ಮೂರೂ ಅಣ್ಣತಮ್ಮಂದಿರ ಹಾಗೆ ಕಾಣಬಹುದು. ಬೇರೆ ಮಾಡಿ ಹೇಳುವುದು ಮೈಕ್ರೋಸ್ಕೋಪ್ ಮಾತ್ರ. ಫಾರ್ಮಲಿನ್ ಬಾಟಲಿಯ ಮೇಲಿನ ಚೀಟಿಯಲ್ಲಿ ನಿಮ್ಮ ಹೆಸರು, ವಯಸ್ಸು ಸರಿ ಇದೆಯಾ ಅಂತ ಜೊತೆಗೆ ಬಂದವರು ನೋಡಲಿ. ನಮ್ಮ ಮನೆಯವಳು ನೋಡಿದಳು, ವಯಸ್ಸು 63 ಅಂತ ಬರೆದಿದ್ದರು. ಅಲ್ಲೇ ತಿದ್ದಿಸಿದಳು. ಎಂಟು ದಿನಕ್ಕೆ ರಿಪೋರ್ಟ್ ಬಂತು: ಡೆಂಟಿಜೆರಸ್ ಸಿಸ್ಟ್, ಬೇರೆ ಏನಿಲ್ಲ. ರಿಪೋರ್ಟ್ ತರಲು ನೀವೇ ಹೋಗಬೇಕು, ಯಾರೂ ಫೋನ್ ಮಾಡುವುದಿಲ್ಲ ಅಂತ ಅಂದುಕೊಳ್ಳಿ.

ಮನೆಗೆ ಬಂದ ಮೇಲೆ

ಲೋಕಲ್ ಟ್ರೈನಿನಲ್ಲಿ ಹೋಗುವ ಸಾಹಸ ಬೇಡ. ಟ್ಯಾಕ್ಸಿಗೆ ಇಷ್ಟು ಎತ್ತಿಡಿ. ಗಾಜ್ ಬಟ್ಟೆಯನ್ನು ಮುಕ್ಕಾಲು ಗಂಟೆ ಕಚ್ಚಿಕೊಂಡಿರಿ. ಮೊದಲ ದಿನ ಉಗುಳುವುದು, ಬಾಯಿ ಮುಕ್ಕಳಿಸುವುದು, ಸ್ಟ್ರಾದಲ್ಲಿ ಹೀರುವುದು ಯಾವುದೂ ಬೇಡ. ಮೂರರಿಂದಲೂ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ. ಬಟ್ಟೆಯಲ್ಲಿ ಐಸ್ ಸುತ್ತಿ ತುಟಿಯ ಮೇಲೆ ಹತ್ತು ಹದಿನೈದು ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಟ್ಟು, ಮತ್ತೆ ಇಡಿ. ಇದೂ ಮೊದಲ ದಿನ ಮಾತ್ರ. ತಲೆಗೆ ಎರಡು ದಿಂಬು.

ಎರಡನೇ ದಿನ ಬೆಳಿಗ್ಗೆ ನನ್ನ ಮೇಲ್ತುಟಿ ಮೂಗಿನ ಸಮಕ್ಕೆ ಬಂದಿತ್ತು. ಮಗಳು ನೋಡಿ ಅತ್ತಳು. ಊತ ಎರಡು ಮೂರನೇ ದಿನ ಏರಿ, ಆಮೇಲೆ ಇಳಿಯುವುದೇ ಸಹಜ. ಮೂರನೇ ದಿನ ಆದ ಮೇಲೂ ಏರುತ್ತಿದ್ದರೆ, 100.4 ಡಿಗ್ರಿ ಮೇಲೆ ಜ್ವರ ಬಂದರೆ, ಕೆಟ್ಟ ವಾಸನೆಯ ಕೀವು ಬಂದರೆ, ಅರ್ಧ ಗಂಟೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಕುಡಿದ ನೀರು ಮೂಗಿನಲ್ಲಿ ಬಂದರೆ ಕೂಡಲೇ ಓಡಿ. ನುಂಗಲು, ಉಸಿರಾಡಲು ಕಷ್ಟ ಆದರೆ ರಾತ್ರಿ ಎಷ್ಟು ಹೊತ್ತಾದರೂ ಸರಿ, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಮರುದಿನದಿಂದ ಊಟ ಆದ ಮೇಲೆಲ್ಲ ಉಗುರುಬೆಚ್ಚನೆ ಉಪ್ಪುನೀರು, ಲೋಟಕ್ಕೆ ಅರ್ಧ ಚಮಚ. ಮುಕ್ಕಳಿಸುವ ಅಬ್ಬರ ಬೇಡ, ಬಾಯಲ್ಲಿ ಇಟ್ಟುಕೊಂಡು ತಲೆ ಅತ್ತಿತ್ತ ವಾಲಿಸಿ ಬಿಟ್ಟುಬಿಡಿ. ಕ್ಲೋರ್‌ಹೆಕ್ಸಿಡಿನ್ ಕೊಟ್ಟಿದ್ದರೆ ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಬೇಡ, ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಅದರ ಕೆಲಸ ಕೆಡುತ್ತದೆ. ನನ್ನ ಹಾಗೆ ಮೂಗಿನ ತಳ ತೆಳ್ಳಗಿದ್ದವರು ಎರಡು ವಾರ ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಿ. ಕೌಂಟರಿನಲ್ಲಿ ಹಾಗೆ ಸೀನಿದರೆ ಗಿರಾಕಿ ಏನಂದುಕೊಳ್ಳುತ್ತಾರೆ ಅಂತ ನಾನು ಹತ್ತು ದಿನ ರಜೆಯನ್ನೇ ಹಾಕಿದೆ. ಧಣಿ ಒಳ್ಳೆಯವರು.

ಊಟದ ವಿಷಯದಲ್ಲಿ ನನ್ನ ಮಾತು ನಂಬಿ, ಅದು ನನ್ನ ಕಸುಬು. ಮೊದಲ ದಿನ ತಣ್ಣನೆಯ ರಾಗಿ ಅಂಬಲಿ, ಮಜ್ಜಿಗೆ, ಚಮಚದಲ್ಲಿ. ಎರಡನೇ ದಿನದಿಂದ ಕುಚ್ಚಲಕ್ಕಿ ಗಂಜಿ, ಅನ್ನ ಬೆರಳಿಗೆ ಸಿಗದಷ್ಟು ಬೇಯಿಸಿ. ಆಮೇಲೆ ಇಡ್ಲಿ, ಸಾಂಬಾರಿನಲ್ಲಿ ಅರ್ಧ ಗಂಟೆ ನೆನೆದು ಆರಿದ್ದು. ರವೆ ಉಪ್ಪಿಟ್ಟು ಬೇಡ, ಕಾಳು ಹೊಲಿಗೆಯ ಸಂದಿಗೆ ಹೋಗುತ್ತದೆ. ಉಪ್ಪಿಟ್ಟಿನ ಸಾಸಿವೆ ಒಂದು ನನಗೆ ಎರಡು ದಿನ ಕಾಟ ಕೊಟ್ಟಿತು. ಕುರುಕಲು, ಖಾರ, ಬಿಸಿ ಚಹಾ ವಾರ ಬಿಟ್ಟು.

ಹೊಲಿಗೆಯನ್ನು ಏಳು ಹತ್ತು ದಿನಕ್ಕೆ ನೋಡುತ್ತಾರೆ. ದಾರ ಕರಗುವುದಾದರೂ ತೋರಿಸಲು ಹೋಗಿ.

ನಾನು ಹೇಳಿದ ಆ ಒಂದು ತೊಂದರೆ ಇದು: ಮುಂಬಲ್ಲಿನ ಹಿಂದಿನ ಅಂಗುಳ ಜೋಮು ಹಿಡಿಯಿತು. ಅಲ್ಲೊಂದು ಸಣ್ಣ ರಂಧ್ರದಿಂದ ನರ ಹೊರಗೆ ಬರುತ್ತದೆ, ಅಂಗುಳ ಎಬ್ಬಿಸುವಾಗ ಅದು ಎಳೆದಾಡುತ್ತದೆ, ಕೆಲವೊಮ್ಮೆ ಕತ್ತರಿಸಬೇಕಾಗುತ್ತದೆ. ಇಡ್ಲಿಯ ಬಿಸಿ ನಾಲಿಗೆಗೆ ಗೊತ್ತಾಗುತ್ತಿತ್ತು, ಅಂಗುಳಕ್ಕೆ ಗೊತ್ತಾಗುತ್ತಿರಲಿಲ್ಲ. ಕಾಫಿ ಅಲ್ಲಿ ಮುಟ್ಟಿದರೆ ಬೇರೆಯವರ ಬಾಯಲ್ಲಿ ಕುಡಿದ ಹಾಗೆ. ಸುಟ್ಟುಕೊಳ್ಳುವ ಭಯ, ಹಾಗಾಗಿ ಎಲ್ಲವನ್ನೂ ಮೊದಲು ತುಟಿಗೆ ತಾಗಿಸಿ ನೋಡುವ ಅಭ್ಯಾಸ ಆಯಿತು. ಸಾಮಾನ್ಯವಾಗಿ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ನನಗೆ ಮೂರನೇ ತಿಂಗಳು ಒಂದು ಬೆಳಿಗ್ಗೆ ಚಟ್ನಿಯ ಹಸಿಮೆಣಸು ಅಲ್ಲಿ ಚುರ್ ಅಂದಿತು. ಅಷ್ಟು ಖುಷಿಯಾಗಿ ನಾನು ಯಾವತ್ತೂ ಖಾರ ತಿಂದಿಲ್ಲ.

ಮೂಳೆ ತುಂಬಲು ಹೊತ್ತು ಬೇಕು. ಅಂಚಿನಿಂದ ಒಳಗೆ ಬೆಳೆಯುತ್ತದೆ, ಕೆರೆ ಒಣಗುವ ಹಾಗೆ. ಸಣ್ಣ ಗುಂಡಿಗೆ ಬೇರೆ ಮೂಳೆ ಪುಡಿ ತುಂಬುವ ಅಗತ್ಯ ಬೀಳುವುದಿಲ್ಲ. 6 ತಿಂಗಳಿಗೆ, ವರ್ಷಕ್ಕೆ ಎಕ್ಸ್‌ರೇ ಬರೆದಿದ್ದರೆ ತಪ್ಪಿಸಬೇಡಿ. ಇಡಿಯಾಗಿ ತೆಗೆದ ಡೆಂಟಿಜೆರಸ್ ಸಿಸ್ಟ್ ಮರಳಿ ಬರುವುದು ಅಪರೂಪ. ಆದರೆ ಪಕ್ಕದ ಹಲ್ಲುಗಳ ಜೀವ ಪರೀಕ್ಷೆ ಆಗಲೂ ಮತ್ತೊಮ್ಮೆ ಮಾಡಿಸಿ. ನನ್ನ ಎಡಗಡೆಯ ಮುಂಬಲ್ಲು ಮೊದಲ ಎರಡು ತಿಂಗಳು ತಣ್ಣನೆ ಸ್ಪ್ರೇಗೆ ಸುಮ್ಮನಿತ್ತು, ಆರನೇ ತಿಂಗಳು ಉತ್ತರ ಕೊಟ್ಟಿತು. ಆ ಎರಡು ತಿಂಗಳಲ್ಲಿ ಯಾರಾದರೂ ಅವಸರ ಮಾಡಿದ್ದರೆ ಅದರ ನರವೂ ಹೋಗುತ್ತಿತ್ತು.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಮೇಲಿನ ಶಾಶ್ವತ ಮುಂಬಲ್ಲು ಸಾಮಾನ್ಯವಾಗಿ 7-8 ವರ್ಷಕ್ಕೆ ಬರುತ್ತವೆ. ಒಂದು ಬಂದು ಆರು ತಿಂಗಳಾದರೂ ಜೊತೆಯದು ಬಂದಿಲ್ಲ ಅಂದರೆ, ದಾರಿಗೆ ಯಾರೋ ಅಡ್ಡ ಕೂತಿದ್ದಾರಾ ಅಂತ ಒಂದು ಎಕ್ಸ್‌ರೇ ತೆಗೆಸಿ. ಮೂರು ನಾಲ್ಕು ಎಕ್ಸ್‌ಟ್ರಾ ಹಲ್ಲು ಒಟ್ಟಿಗೆ ಕಂಡರೆ ಅದರ ಹಿಂದೆ ಹುಟ್ಟಿನಿಂದ ಬಂದ ಬೇರೆ ಕಾಯಿಲೆ ಇರಬಹುದು, ಮಕ್ಕಳ ಡಾಕ್ಟರಿಗೂ ತೋರಿಸಿ.

ಭಾಂಡುಪಿನಲ್ಲಿರುವ ನನ್ನ ಅಕ್ಕನ ಮಗನಿಗೆ ಈಗ ಒಂಬತ್ತು. ಎಡಗಡೆ ಮುಂಬಲ್ಲು ಬಂದು ವರ್ಷ ಆಗಿತ್ತು, ಬಲಗಡೆ ಖಾಲಿ. ಅಕ್ಕ "ಬರುತ್ತೆ ಬಿಡು, ಗಂಡು ಮಕ್ಕಳಿಗೆ ನಿಧಾನ" ಅನ್ನುತ್ತಿದ್ದಳು. ದೀಪಾವಳಿಗೆ ಹೋದಾಗ ಅವನ ತುಟಿ ಎತ್ತಿ ನೋಡಿದೆ, ಸೋಮವಾರವೇ ಕರೆದುಕೊಂಡು ಹೋದೆ. ಚಿತ್ರದಲ್ಲಿ ಅದೇ ಮಲ್ಲಿಗೆ ಮೊಗ್ಗು, ಇನ್ನೂ ಸಣ್ಣದು. ಸುತ್ತ ಕಪ್ಪು ಅಂಚು 2 ಮಿಲಿಮೀಟರ್. ಚೀಲ ಇನ್ನೂ ಉಬ್ಬಿರಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ತೆಗೆಸಿದೆವು. ಮೊನ್ನೆ ಫೋನ್ ಮಾಡಿ, ಬಲಗಡೆ ಒಸಡಿನಲ್ಲಿ ಬಿಳಿ ಗೆರೆ ಕಾಣುತ್ತಿದೆ ಮಾಮ, ಅಂದ.